ಎಣ್ಣೆ ಕ್ಯಾನಿನ ಮೇಲೆ ತಾರೀಕು ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಎಷ್ಟೋ ಜನ ರೇಡಿಯೊ ಹಚ್ಚಿಕೊಂಡು ತಿಂಡಿ ಮಾಡುತ್ತಿರುತ್ತೀರಿ. ಒಲೆ ಮೇಲೆ ಬಾಣಲೆ ಇರುತ್ತದೆ, ಸಾಸಿವೆ ಸಿಡಿಯುತ್ತಿರುತ್ತದೆ. ಹಾಗಾದರೆ ಮಾತನ್ನು ಆ ಬಾಣಲೆಯಿಂದಲೇ ಶುರು ಮಾಡೋಣ. ಒಗ್ಗರಣೆಗೆ ಎಣ್ಣೆ ಹೇಗೆ ಹಾಕಿದಿರಿ? ಚಮಚದಲ್ಲಿ ಅಳೆದು ಹಾಕಿದಿರಾ, ಇಲ್ಲ ಕ್ಯಾನು ಬಗ್ಗಿಸಿದಿರಾ?

ನಾನು ಇಪ್ಪತ್ತು ವರ್ಷ ಬಗ್ಗಿಸಿಯೇ ಹಾಕಿದವಳು. ನಲವತ್ತಾರನೇ ವಯಸ್ಸಿಗೆ 76 ಕೆ.ಜಿ. ತೂಕ ಬಂತು. ಮೆಟ್ಟಿಲು ಹತ್ತಿದರೆ ಮಂಡಿ ನೋವು. ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಗಡಿಯಲ್ಲಿ ನಿಂತಿತ್ತು. ಡಾಕ್ಟರು ತೂಕ ಇಳಿಸಿ ಅಂದರು. ನಾನು ಮೊದಲು ಮಾಡಿದ ಕೆಲಸ ಅನ್ನ ಬಿಟ್ಟಿದ್ದು. ಎರಡು ಹೊತ್ತೂ ರಾಗಿ ಮುದ್ದೆ. ಎರಡು ತಿಂಗಳಾದರೂ ತೂಕದ ಮುಳ್ಳು ಕದಲಲಿಲ್ಲ.

ಕಾರಣ ಆಮೇಲೆ ಗೊತ್ತಾಯಿತು. ರಾಗಿ ಒಳ್ಳೆಯದೇ. ನಾರು ಇದೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ಕ್ಯಾಲೊರಿ ಲೆಕ್ಕಕ್ಕೆ ಬಂದರೆ ಒಂದು ಪಾವು ರಾಗಿ ಹಿಟ್ಟಿಗೂ ಅದೇ ತೂಕದ ಅಕ್ಕಿಗೂ ದೊಡ್ಡ ವ್ಯತ್ಯಾಸವೇನೂ ಇಲ್ಲ. ನನ್ನ ಮುದ್ದೆ ದೊಡ್ಡದಿತ್ತು, ಪಕ್ಕದ ಪಲ್ಯ ಎಣ್ಣೆಯಲ್ಲಿ ಮಿಂದಿತ್ತು.

ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 14 ಗ್ರಾಂ, ಅದರಲ್ಲಿ 120 ಕ್ಯಾಲೊರಿಯಷ್ಟು ಇರುತ್ತದೆ. ಕಡಲೆಕಾಯಿ ಎಣ್ಣೆಯಾಗಲಿ, ಕೊಬ್ಬರಿ ಎಣ್ಣೆಯಾಗಲಿ, ಗಾಣದಿಂದ ತಂದದ್ದೇ ಆಗಲಿ, ಲೆಕ್ಕ ಒಂದೇ. ತುಪ್ಪವೂ ಹೆಚ್ಚು ಕಡಿಮೆ ಅಷ್ಟೇ. 65 ಕೆ.ಜಿ. ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದೂ ಸುಮಾರು ಇಷ್ಟೇ. ಬೆಳಗ್ಗೆ ಪಾರ್ಕು ಸುತ್ತಿ ಬಂದ ಅರ್ಧ ಗಂಟೆಯ ಶ್ರಮವನ್ನು ಚಿತ್ರಾನ್ನದ ಬಾಣಲೆಗೆ ಬಗ್ಗಿಸಿದ ಒಂದು ದೊಡ್ಡ ಚಮಚ ಎಣ್ಣೆ ವಾಪಸ್ ತಂದುಬಿಡುತ್ತದೆ, ಮತ್ತೆ ನಾವು ದಿನಾ ನಡೀತೀನಲ್ಲ, ಆದರೂ ಯಾಕೆ ಇಳಿಯಲ್ಲ ಅಂತ ಕೊರಗುತ್ತೇವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಒಂದು ಆಹಾರ ಮಾರ್ಗಸೂಚಿ ಕೊಟ್ಟಿದೆ. ದಿನಕ್ಕೆ 2,000 ಕ್ಯಾಲೊರಿಯ ಊಟದಲ್ಲಿ ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ತಿಂಗಳಿಗೆ ಮೂರೂವರೆ ಲೀಟರ್ ಎಣ್ಣೆ. ನಮ್ಮ ಮನೆಗೆ ಆರು ಲೀಟರ್ ಬರುತ್ತಿತ್ತು. ತುಪ್ಪ ಬೇರೆ.

ಅಡುಗೆ ಬದಲಾಯಿಸಲಿಲ್ಲ, ಮಾಡುವ ರೀತಿ ಬದಲಾಯಿಸಿದೆ. ವಾರಕ್ಕೆ ಬೇಕಾದ ಎಣ್ಣೆಯನ್ನು ಒಂದು ಬಾಟಲಿಗೆ ತುಂಬಿ, ಕ್ಯಾನನ್ನು ಅಟ್ಟಕ್ಕೆ ಹಾಕಿದೆ. ಪಲ್ಯವನ್ನು ಮೊದಲು ಬೇಯಿಸಿಕೊಂಡು, ಕೊನೆಗೆ ಒಂದೇ ಚಮಚ ಎಣ್ಣೆಯಲ್ಲಿ ಒಗ್ಗರಣೆ ಕೊಡುತ್ತೇನೆ. ಸಾಸಿವೆ, ಇಂಗು, ಕರಿಬೇವಿನ ಘಮ ಮೇಲೆ ನಿಲ್ಲುತ್ತದೆ, ಹಾಗಾಗಿ ಎಣ್ಣೆ ಕಡಿಮೆಯಾಗಿದ್ದು ಯಾರಿಗೂ ತಿಳಿಯುವುದಿಲ್ಲ. ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದು, ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದದ್ದು ಪಲ್ಯ. ತಟ್ಟೆಯ ಅರ್ಧ ಭಾಗ ಆ ಪಲ್ಯ ಇರಲಿ, ಮುದ್ದೆ ಚಿಕ್ಕದಾಗಲಿ. ಕಾಳು ಇರುವುದರಿಂದ ಹೊಟ್ಟೆ ಬೇಗ ಹಸಿಯುವುದಿಲ್ಲ.

ಇನ್ನೊಂದು ವಿಷಯ ಹೆಂಗಸರಿಗೇ ಹೇಳಬೇಕು. ಎಲ್ಲರೂ ತಿಂದು ಹೊರಟ ಮೇಲೆ ಪಾತ್ರೆಯ ತಳದಲ್ಲಿ ಎರಡು ಸೌಟು ಉಪ್ಪಿಟ್ಟು, ಮಗುವಿನ ತಟ್ಟೆಯಲ್ಲಿ ಅರ್ಧ ದೋಸೆ ಉಳಿದಿರುತ್ತದೆ. ಬಿಸಾಡಲು ಮನಸ್ಸು ಬರುವುದಿಲ್ಲ, ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳುತ್ತೇವೆ. ಅದನ್ನು ಊಟ ಅಂತ ನಾವು ಎಣಿಸುವುದೇ ಇಲ್ಲ, ಮೈ ಮಾತ್ರ ಎಣಿಸುತ್ತದೆ. ಅಳತೆ ಕಡಿಮೆ ಮಾಡಿ ಬೇಯಿಸಿ, ಮಿಕ್ಕಿದರೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ನಿಮ್ಮ ತಟ್ಟೆಗೆ ಬಡಿಸಿಕೊಂಡು, ಕೂತು ತಿನ್ನಿ. ಕಾಫಿ ಕೂಡ ಹಾಗೇ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 40 ಗ್ರಾಂ ಆಯಿತು.

ಹಾಗಾದರೆ ನಡೆಯುವುದು ಬೇಡವಾ? ಬೇಕೇ ಬೇಕು. ತೂಕ ಇಳಿಯುವುದು ಜಾಸ್ತಿ ಅಡುಗೆಮನೆಯಿಂದ, ಇಳಿದದ್ದು ಮತ್ತೆ ಏರದಂತೆ ತಡೆಯುವುದು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮನೆಗೆಲಸವೇ ಸಾಕಲ್ವಾ ಅಂತ ಕೇಳುವವರಿದ್ದಾರೆ. ಗುಡಿಸುವುದು, ಒರೆಸುವುದು ಒಳ್ಳೆಯದೇ, ಆದರೆ ಉಸಿರು ಸ್ವಲ್ಪ ಏರಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸರಿ. ಜೊತೆಗೆ ವಾರಕ್ಕೆ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡಿ. ಗಟ್ಟಿ ಕುರ್ಚಿಯ ಮೇಲೆ ಕೂತು ಕೈ ಊರದೆ ಎದ್ದೇಳಿ, ಹತ್ತು ಸಲ. ಒಂದು ಲೀಟರಿನ ಎರಡು ನೀರಿನ ಬಾಟಲಿ ಹಿಡಿದು ತೋಳು ಎತ್ತಿ ಇಳಿಸಿ. ವಯಸ್ಸಾದಂತೆ ಮಾಂಸಖಂಡ ಸವೆಯುತ್ತದೆ, ಬರೀ ಊಟ ಬಿಟ್ಟು ತೂಕ ಇಳಿಸಿದರೆ ಅದು ಇನ್ನೂ ಬೇಗ ಸವೆಯುತ್ತದೆ.

ಹದಿನೈದು ದಿನಕ್ಕೆ ಎಂಟು ಕೆ.ಜಿ. ಅನ್ನುವ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ. ಮೊದಲ ವಾರ ಹೋಗುವುದು ಬಹುಪಾಲು ನೀರು. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಅದೇ ಒಳ್ಳೆಯ ವೇಗ, ಅದಕ್ಕಿಂತ ನಿಧಾನವಾದರೂ ತೊಂದರೆ ಇಲ್ಲ. ನನಗೆ 67ಕ್ಕೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ನಡುವೆ ಎರಡು ಮದುವೆ, ಒಂದು ದೀಪಾವಳಿ ಬಂತು, ಹೋಳಿಗೆ ತಿಂದೆ, ಮರುದಿನದಿಂದ ಮತ್ತೆ ಅದೇ ಬಾಟಲಿ. ಶುಗರ್ ಮಾತ್ರೆ ತಗೊಳ್ಳುವವರು, ಇನ್ಸುಲಿನ್ ಹಾಕಿಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಇಲ್ಲದಿದ್ದರೆ ಸಕ್ಕರೆ ಥಟ್ಟನೆ ಇಳಿದು ತಲೆ ಸುತ್ತಿ ಬೀಳಬಹುದು.

ಈಗ ಒಲೆ ಸಣ್ಣಗೆ ಮಾಡಿ. ಒಂದು ಪೆನ್ನು ತಗೊಳ್ಳಿ. ಎಣ್ಣೆ ಕ್ಯಾನಿನ ಮೇಲೆ ಇವತ್ತಿನ ತಾರೀಕು ಬರೆಯಿರಿ, ಎಣ್ಣೆ ಎಲ್ಲಿಯವರೆಗೆ ಇದೆಯೋ ಅಲ್ಲಿ ಒಂದು ಗೆರೆ ಎಳೆಯಿರಿ. ಬರುವ ವಾರ ಇದೇ ದಿನ ಇನ್ನೊಂದು ಗೆರೆ ಎಳೆದು, ನಡುವೆ ಎಷ್ಟು ಖಾಲಿಯಾಗಿದೆ ಅಂತ ನೋಡಿ. ನಮಸ್ಕಾರ.