ಬಂದರಿಗೆ ಬಂದ ಅಡಿಕೆ ಒಳಗೆ ಬರುವುದು ಹೇಗೆ? ಕಸ್ಟಮ್ಸ್ ಏಕಗವಾಕ್ಷಿ

[ದೃಶ್ಯ: ಶಿವಮೊಗ್ಗದ ಅಡಿಕೆ ಮಂಡಿ. ಚೀಲಗಳ ಸಾಲು, ಮೇಲೆ ಕೈಬರಹದ ಲಾಟ್ ಚೀಟಿ.]

ನಮಸ್ಕಾರ. ರಾಶಿ ಅಡಿಕೆ ರೇಟ್ ಸ್ವಲ್ಪ ಇಳಿದರೆ ಸಾಕು, ನಮ್ಮ ಮಂಡಿಯಲ್ಲಿ ಮೊದಲು ಏಳುವ ಮಾತು, "ಹೊರಗಿನ ಅಡಿಕೆ ಬಂತಂತೆ." ಸರಿ, ಬಂತು. ಹಡಗಿನಿಂದ ಇಳಿದ ಆ ಅಡಿಕೆ ಯಾರ್‍ಯಾರ ಒಪ್ಪಿಗೆ ಪಡೆದು ಬಂದರಿನ ಗೇಟ್ ದಾಟುತ್ತದೆ?

ಬೀದಿಯಲ್ಲಿ ಗಣಪತಿ ಕೂರಿಸಲು ಪಾಲಿಕೆ, ಪೊಲೀಸ್, ಮೆಸ್ಕಾಂ ಅಂತ ಅಲೆದವರಿಗೆ ಈ ಕಷ್ಟ ಗೊತ್ತು. ಆಮದುದಾರರದ್ದೂ ಮೊದಲು ಅದೇ ಪಾಡು. ಕಸ್ಟಮ್ಸ್‌ಗೆ ಒಂದು ಅರ್ಜಿ, ಆಹಾರ ಸುರಕ್ಷತೆಯವರಿಗೆ ಇನ್ನೊಂದು, ಸಸ್ಯ ಸಂಗರೋಧದವರಿಗೆ, ಅಂದರೆ ಪ್ಲಾಂಟ್ ಕ್ವಾರಂಟೈನ್‌ಗೆ, ಮತ್ತೊಂದು. ಎಲ್ಲದರಲ್ಲೂ ಬರೆಯುವುದು ಹೆಚ್ಚುಕಡಿಮೆ ಅದೇ ವಿವರ!

2016ರ ಏಪ್ರಿಲ್ 1ರಂದು 'ಸ್ವಿಫ್ಟ್' ಬಂತು. ಕಾರಲ್ಲ, ಕಸ್ಟಮ್ಸ್‌ನ ಏಕಗವಾಕ್ಷಿ. ಶುರುವಿನಲ್ಲಿ ಕಸ್ಟಮ್ಸ್ ಜೊತೆ ಆರು ಸಂಸ್ಥೆಗಳು ಸೇರಿದವು. ಒಂಬತ್ತು ಬೇರೆ ಬೇರೆ ನಮೂನೆಗಳ ಬದಲು ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ಒಂದೇ ಘೋಷಣೆ. ಸಿಂಗಾಪುರ ಇಂಥದ್ದನ್ನು 1989ರಲ್ಲೇ 'ಟ್ರೇಡ್‌ನೆಟ್' ಹೆಸರಲ್ಲಿ ಮಾಡಿತ್ತು, ಬಿಡಿ.

[ದೃಶ್ಯ: ಪರದೆಯ ಮೇಲೆ ಬಿಲ್ ಆಫ್ ಎಂಟ್ರಿ ಮಾದರಿ. 'ಸರಕಿನ ಕೋಡ್ 0802 80' ದೊಡ್ಡದಾಗಿ.]

ಒಂದು ಕಂಟೇನರ್ ಹಿಂದೆಯೇ ಹೋಗೋಣ. ಆಮದುದಾರರ ಏಜೆಂಟ್ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಘೋಷಣೆ, ತುಂಬುತ್ತಾರೆ. ಇನ್‌ವಾಯ್ಸ್, ಮೂಲ ದೇಶದ ಪ್ರಮಾಣಪತ್ರ ಎಲ್ಲವೂ ಕಸ್ಟಮ್ಸ್‌ಗೆ ದಾಖಲೆ ಸಲ್ಲಿಸುವ ಆನ್‌ಲೈನ್ ವ್ಯವಸ್ಥೆ 'ಇ-ಸಂಚಿತ್'ನಲ್ಲಿ ಅಪ್‌ಲೋಡ್. ಪ್ರತಿ ದಾಖಲೆಗೂ ಒಂದು ನಂಬರ್ ಸಿಗುತ್ತದೆ, ಆ ನಂಬರನ್ನು ಬಿಲ್‌ಗೆ ಸೇರಿಸಿದರಾಯಿತು. ಕಾಗದದ ಕಟ್ಟು ಹಿಡಿದು ಓಡುವುದಿಲ್ಲ. 0802 80 ಅಂದರೆ ಅಡಿಕೆ. ಆ ಕೋಡ್ ಬಿದ್ದ ಕೂಡಲೇ ಯಾವ್ಯಾವ ಇಲಾಖೆ ನೋಡಬೇಕು ಅಂತ ಗೊತ್ತಾಗುತ್ತದೆ, ಕಡತ ಅವರಿಗೆ ಆನ್‌ಲೈನ್‌ನಲ್ಲೇ ಹೋಗುತ್ತದೆ. ಎಲ್ಲ ಸರಕನ್ನೂ ಬಿಚ್ಚಿ ನೋಡುವುದಿಲ್ಲ. ಯಾವುದರಲ್ಲಿ ಅಪಾಯ ಜಾಸ್ತಿ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಆರಿಸುತ್ತದೆ.

ಆದರೆ ಸ್ಯಾಂಪಲ್ ಲ್ಯಾಬ್‌ಗೆ ಹೋಗಲೇಬೇಕು ಅಂದರೆ ಹೋಗಲೇಬೇಕು. ಅರ್ಜಿ ಬೇಗ ಹೋಯಿತು ಅಂತ ಲ್ಯಾಬ್ ರಿಪೋರ್ಟ್ ಬೇಗ ಬರುವುದಿಲ್ಲ. ಏಕಗವಾಕ್ಷಿ ಅಂದರೆ ಮಾಯಾಜಾಲ ಅಂದುಕೊಂಡವರು ಎಡವುವುದು ಇಲ್ಲೇ.

ಈಗ ನಮಗೆ ಬೇಕಾದ ವಿಷಯ. 2023ರ ಫೆಬ್ರವರಿಯಿಂದ ಅಡಿಕೆಗೆ ಕನಿಷ್ಠ ಆಮದು ಬೆಲೆ ಕಿಲೋಗೆ 351 ರೂಪಾಯಿ. ಮೊದಲು 251 ಇತ್ತು. ಮಂಡಿ ಲೆಕ್ಕದಲ್ಲಿ ಹೇಳಿದರೆ ಕ್ವಿಂಟಾಲಿಗೆ 35,100. ಅದಕ್ಕಿಂತ ಕಡಿಮೆ ಬೆಲೆಯದ್ದಕ್ಕೆ ಆಮದು ನಿಷೇಧ. ಮೇಲೆ ಮೂಲ ಸುಂಕವೇ 100%. ಒಪ್ಪಂದ ಇರುವ ದೇಶದಿಂದ ಬಂದರೆ ಸುಂಕದಲ್ಲಿ ರಿಯಾಯಿತಿ ಸಿಗಬಹುದು, ಅದಕ್ಕೇ ಆ ಮೂಲ ದೇಶದ ಪ್ರಮಾಣಪತ್ರಕ್ಕೆ ಅಷ್ಟು ಬೆಲೆ.

[ದೃಶ್ಯ: ಎರಡು ತಟ್ಟೆ. ಒಂದರಲ್ಲಿ ಒಣ ಅಡಿಕೆ, ಇನ್ನೊಂದರಲ್ಲಿ ಹುರಿದದ್ದು.]

ಹಾಗಾದರೆ ಕೋಡ್ ಬದಲಾದರೆ? ಹುರಿದ ಅಡಿಕೆ ಸುಂಕ ಪಟ್ಟಿಯ 20ನೇ ಅಧ್ಯಾಯಕ್ಕೆ ಹೋಗುತ್ತದೆ, 351ರ ನಿಯಮ ಇದ್ದದ್ದು 8ನೇ ಅಧ್ಯಾಯದ ಅಡಿಕೆಗೆ. ಸುಮ್ನೆ ಬಿಸಿ ತೋರಿಸಿ 'ಹುರಿದದ್ದು' ಅಂತ ತಂದರೆ ಏನು ಗತಿ, ಅಲ್ವಾ? 2025ರಲ್ಲಿ ಸರ್ಕಾರ ಹುರಿದ ಅಡಿಕೆಗೂ ಅದೇ ಬೆಲೆ ಹಾಕಿತು. ನನ್ನ ಮಟ್ಟಿಗೆ ಇದು ತಡವಾಗಿ ಬಂದ ತಿದ್ದುಪಡಿ. ಸಾಫ್ಟ್‌ವೇರ್ ಓದುವುದು ಟೈಪ್ ಮಾಡಿದ್ದನ್ನು, ಚೀಲದೊಳಗಿನ ಅಡಿಕೆಯನ್ನಲ್ಲ.

ಇನ್ನು ಗಡಿಯಲ್ಲಿ ಕದ್ದು ಬರುವ ಅಡಿಕೆ ಇದ್ಯಾವ ಪರದೆಯಲ್ಲೂ ಕಾಣುವುದಿಲ್ಲ. ಅದನ್ನು ಹಿಡಿಯುವ ಡಿಆರ್‌ಐ, ಅಂದರೆ ಕಂದಾಯ ಗುಪ್ತಚರ ನಿರ್ದೇಶನಾಲಯದ ಬಗ್ಗೆ ಮುಂದಿನ ವಿಡಿಯೋ. ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ.