ಒಬ್ಬರೇ ಲೆವಲ್ ನೋಡುವಾಗ

ಕೇಳುಗರಿಗೆಲ್ಲ ನಮಸ್ಕಾರ.

ಮುಂಬೈಯಲ್ಲಿ ಮೇ ತಿಂಗಳು ಬಂತೆಂದರೆ ಸರ್ವೆ ಕೆಲಸದವರ ಫೋನು ಸುಮ್ಮನಿರುವುದಿಲ್ಲ. ಸೊಸೈಟಿಯ ಅಂಗಳದಲ್ಲಿ ನೀರು ನಿಲ್ಲುತ್ತದೆ, ಗಟಾರಕ್ಕೆ ಇಳಿಜಾರು ಸಾಲದು, ಮಳೆಗೆ ಮುಂಚೆ ಬಂದು ಲೆವಲ್, ಅಂದರೆ ನೆಲದ ಏರುತಗ್ಗು, ನೋಡಿಕೊಡಿ ಎಂದು ಕರೆಯುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು ಇದು. ಅಂಗಳದಲ್ಲಿ ಎರಡು ಇಂಚು ಹೆಚ್ಚುಕಡಿಮೆಯಾದರೆ ನೆಲಮಹಡಿಯವರ ಮನೆಗೆ ನೀರು ನುಗ್ಗುತ್ತದೆ. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಹೆಲ್ಪರನ ಕೂಲಿ ಗಿಟ್ಟುವುದಿಲ್ಲ. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಹಿಡಿದು, ಟ್ರೈಪಾಡ್ ಹೆಗಲಿಗೇರಿಸಿ ಒಬ್ಬರೇ ಬರುವ ನಮ್ಮ ಕನ್ನಡದ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ಲೆವಲ್ ನೋಡುವುದು ಮೂಲತಃ ಇಬ್ಬರ ಕೆಲಸ. ಒಬ್ಬರು ಯಂತ್ರದ ಹತ್ತಿರ, ಇನ್ನೊಬ್ಬರು ಸ್ಟಾಫ್, ಅಂದರೆ ಅಳತೆಯ ಗುರುತಿರುವ ಉದ್ದದ ಕೋಲು, ಹಿಡಿದು ದೂರದಲ್ಲಿ. ಎರಡು ಜಾಗದ ಓದುಗಳನ್ನು ಕಳೆದರೆ ನೆಲದ ಎತ್ತರದ ವ್ಯತ್ಯಾಸ ಸಿಗುತ್ತದೆ. ಒಬ್ಬರೇ ಆದಾಗ ಓದುವುದಕ್ಕೆ ಅರ್ಧ ನಿಮಿಷ ಸಾಕು, ಉಳಿದ ಹೊತ್ತೆಲ್ಲ ನಡಿಗೆಗೇ ಹೋಗುತ್ತದೆ. ಹಾಗಾಗಿ ಯಾವ ಯಂತ್ರ ಒಳ್ಳೆಯದು ಅನ್ನುವುದಕ್ಕಿಂತ ಮೊದಲು, ಈ ಕೆಲಸದಲ್ಲಿ ನಾನು ಎಷ್ಟು ಸಲ ಹೋಗಿ ಬರಬೇಕು ಅಂತ ಕೇಳಿಕೊಳ್ಳಬೇಕು.

ಮೊದಲು ಆಟೋ ಲೆವಲ್, ಟ್ರೈಪಾಡಿನ ಮೇಲೆ ಕೂತು ಮಟ್ಟಸವಾಗಿ ನೋಡುವ ದುರ್ಬೀನು. ಸ್ಟಾಫನ್ನು ಗೋಡೆಗೆ ಒರಗಿಸಿ ಬಂದು ಓದುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಲ್ಕು ಮೀಟರಿನ ಸ್ಟಾಫ್ ತುದಿಯಲ್ಲಿ 20 ಸೆಂಟಿಮೀಟರ್ ವಾಲಿದರೆ, ಮೂರು ಮೀಟರ್ ಗುರುತಿನ ಹತ್ತಿರ ಓದುವಾಗ ಸುಮಾರು ನಾಲ್ಕು ಮಿಲಿಮೀಟರ್ ಜಾಸ್ತಿ ಬರುತ್ತದೆ. ವಾಲಿದ ಸ್ಟಾಫ್ ಯಾವತ್ತೂ ಜಾಸ್ತಿಯೇ ತೋರಿಸುತ್ತದೆ, ಕಡಿಮೆ ತೋರಿಸುವುದಿಲ್ಲ. ಸ್ಟಾಫಿಗೆ ಕಚ್ಚಿಕೊಂಡು ನಿಲ್ಲುವ ಎರಡು ಕಾಲಿನ ಸ್ಟ್ಯಾಂಡ್ ಸಿಗುತ್ತದೆ. ಬೈಪಾಡ್ ಅಂತ ಕೇಳಿದರೆ ಅಂಗಡಿಯವರೇ ಕೊಡುತ್ತಾರೆ. ಅದರ ಜೊತೆ ದುಂಡನೆಯ ಒಂದು ರಸಮಟ್ಟ ಇದ್ದರೆ ಸ್ಟಾಫ್ ನೆಟ್ಟಗೆ ನಿಲ್ಲುತ್ತದೆ. ಮಧ್ಯಾಹ್ನ ಕಡಲ ಗಾಳಿ ಶುರುವಾದ ಮೇಲೆ ಮಾತ್ರ ಸ್ಟ್ಯಾಂಡಿನ ಕಾಲಿಗೆ ಒಂದೊಂದು ಇಟ್ಟಿಗೆ ಆನಿಸಿಡಿ.

ಇನ್ನು, ಒಂದು ಸ್ಟಾಫೋ ಎರಡೋ? ಎರಡಿದ್ದರೆ ನಡಿಗೆ ಉಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಯಂತ್ರ ಮಧ್ಯದಲ್ಲಿ, ಹಿಂದೆ 30 ಮೀಟರ್, ಮುಂದೆ 30 ಮೀಟರ್ ಇಟ್ಟುಕೊಳ್ಳೋಣ. ಒಂದೇ ಸ್ಟಾಫ್ ಇದ್ದರೆ ಹಿಂದಿನದನ್ನು ಓದಬೇಕು, ಹೋಗಿ ಕಿತ್ತು ತರಬೇಕು, ಮುಂದೆ ನಿಲ್ಲಿಸಬೇಕು, ವಾಪಸ್ ಬಂದು ಓದಬೇಕು, ಆಮೇಲೆ ಯಂತ್ರ ಹೊತ್ತು ಮುಂದೆ ಹೋಗಬೇಕು. ಒಟ್ಟು 180 ಮೀಟರ್ ನಡಿಗೆ. ಎರಡು ಸ್ಟಾಫ್ ಇದ್ದರೂ ಹಿಂದಿನದನ್ನು ತಂದು, ದಾರಿಯಲ್ಲೇ ಯಂತ್ರವನ್ನೂ ಎತ್ತಿಕೊಂಡು ಅದರ ಮುಂದಿನ ಜಾಗದಲ್ಲಿಟ್ಟು, ಸ್ಟಾಫನ್ನು ಇನ್ನೂ ಮುಂದೆ ನಿಲ್ಲಿಸಿ ಬರುವಷ್ಟರಲ್ಲಿ ಅದೇ 180 ಮೀಟರ್! ಅರವತ್ತು ಮೀಟರ್ ಮುಂದೆ ಸಾಗಲು ಮೂರು ಪಟ್ಟು ನಡಿಗೆ, ಹೇಗೆ ಮಾಡಿದರೂ.

ಹಾಗಿದ್ದರೂ ನಾನು ಎರಡೇ ಒಯ್ಯಿರಿ ಅನ್ನುತ್ತೇನೆ. ಎರಡೂ ನಿಂತಿರುವಾಗ ಹಿಂದಿನದನ್ನು ಓದಿ, ದುರ್ಬೀನು ತಿರುಗಿಸಿ ಮುಂದಿನದನ್ನು ಓದುವುದು ಒಂದೇ ನಿಮಿಷದ ಕೆಲಸ. ಅಷ್ಟರಲ್ಲಿ ಬಿಸಿ ಡಾಂಬರಿನಲ್ಲಿ ಟ್ರೈಪಾಡಿನ ಕಾಲು ಇಳಿಯುವುದಿಲ್ಲ. ಅನುಮಾನ ಬಂದರೆ ನಿಂತಲ್ಲೇ ಇನ್ನೊಮ್ಮೆ ಓದಬಹುದು. ಒಂದೇ ಸ್ಟಾಫಿನಲ್ಲಿ ಓದಿಗೂ ಓದಿಗೂ ನಡುವೆ ನೀವು 120 ಮೀಟರ್ ನಡೆದು ಬಂದಿರುತ್ತೀರಿ. ಒಂದು ಎಚ್ಚರ ಮಾತ್ರ ಬೇಕು. ಎರಡು ಸ್ಟಾಫಿನ ಬುಡದ ಸವೆತ ಒಂದೇ ತರ ಇರುವುದಿಲ್ಲ. ಬೆಂಚ್ ಮಾರ್ಕ್ ಅಂದರೆ ಎತ್ತರ ಗೊತ್ತುಮಾಡಿಕೊಂಡ ಗುರುತಿನ ಕಲ್ಲು. ಆದ್ದರಿಂದ ಒಂದು ಬೆಂಚ್ ಮಾರ್ಕಿನಿಂದ ಇನ್ನೊಂದಕ್ಕೆ ಯಂತ್ರ ನಿಲ್ಲಿಸುವ ಜಾಗಗಳು ಸಮಸಂಖ್ಯೆಯಲ್ಲಿರಲಿ, ಎರಡೋ ನಾಲ್ಕೋ ಆರೋ. ಆಗ ಶುರುವಿಗೂ ಕೊನೆಗೂ ಒಂದೇ ಸ್ಟಾಫ್ ಬರುತ್ತದೆ, ಆ ವ್ಯತ್ಯಾಸ ತಾನಾಗಿ ಹೋಗುತ್ತದೆ.

ನಡಿಗೆ ಉಳಿಸಲು ಯಂತ್ರವನ್ನು ಒಂದು ಸ್ಟಾಫಿನ ಹತ್ತಿರವೇ ಇಟ್ಟುಬಿಡುವ ಆಸೆ ಬರುತ್ತದೆ, ಅಲ್ವಾ? ಅದಕ್ಕೆ ಬಲಿಯಾಗಬೇಡಿ. ದೃಷ್ಟಿರೇಖೆ 30 ಮೀಟರಿಗೆ ಮೂರು ಮಿಲಿಮೀಟರ್ ಮೇಲೆ ನೋಡುವ ಯಂತ್ರವೂ ಸರಿಯಾಗಿ ಮಧ್ಯದಲ್ಲಿ ನಿಂತರೆ ನಿಜವನ್ನೇ ಹೇಳುತ್ತದೆ. ಹಿಂದೆಯೂ ಮೂರು ಜಾಸ್ತಿ, ಮುಂದೆಯೂ ಮೂರು ಜಾಸ್ತಿ, ಕಳೆದರೆ ತಪ್ಪು ಸೊನ್ನೆ. ಅದೇ ಯಂತ್ರ ಒಂದು ಕಡೆ 10, ಇನ್ನೊಂದು ಕಡೆ 40 ಮೀಟರ್ ದೂರದಲ್ಲಿ ನಿಂತರೆ ಆ ಮೂರು ಮಿಲಿಮೀಟರ್ ಪುಸ್ತಕದಲ್ಲಿ ಉಳಿಯುತ್ತದೆ, ಪ್ರತಿ ಸಲವೂ ಕೂಡುತ್ತ ಹೋಗುತ್ತದೆ.

ಹೀಗೆ ದೂರದಿಂದ ಲೆವಲ್ ತರುವುದಕ್ಕೆ ಆಟೋ ಲೆವಲ್ ಸರಿ. ಆದರೆ ಒಂದೇ ಅಂಗಳದಲ್ಲಿ ಐವತ್ತು ಕಡೆ ಲೆವಲ್ ಬೇಕು ಅಂದರೆ, ಪ್ರತಿ ಜಾಗಕ್ಕೂ ಹೋಗಿ ಸ್ಟಾಫ್ ನಿಲ್ಲಿಸಿ ಯಂತ್ರಕ್ಕೆ ವಾಪಸ್ ಬರುವುದು ಶುದ್ಧ ದಂಡ. ಅಲ್ಲಿ ಸುತ್ತುವ ಲೇಸರ್ ಬೇಕು, ಸುತ್ತಲೂ ಒಂದೇ ಮಟ್ಟದಲ್ಲಿ ಬೆಳಕಿನ ಗೆರೆ ಬೀಸುವ ಯಂತ್ರ. ಯಂತ್ರ ನಡುವೆ ಒಂದು ಕಡೆ ಸುತ್ತುತ್ತಿರುತ್ತದೆ, ನೀವು ಸ್ಟಾಫ್ ಹಿಡಿದು ಅಂಗಳವೆಲ್ಲ ಓಡಾಡುತ್ತೀರಿ. ಬಿಸಿಲಿನಲ್ಲಿ ಕೆಂಪು ಗೆರೆ ಕಾಣುವುದಿಲ್ಲ. ಸ್ಟಾಫಿಗೆ ಸಿಕ್ಕಿಸಿದ ಡಿಟೆಕ್ಟರ್ ಒಂದೇ ಸಮನೆ ಕೂಗಿದಾಗ ಲೆವಲ್ ಸಿಕ್ಕಿತು ಅಂತ ಅರ್ಥ.

ಇದರಲ್ಲೂ ಒಂದು ಸುಲಭದ ದಾರಿ ಇದೆ. ಸ್ಟಾಫಿನ ಪಕ್ಕಕ್ಕೆ ಅಳತೆಪಟ್ಟಿಯನ್ನು ತಲೆಕೆಳಗಾಗಿ ಅಂಟಿಸಿ, ಸೊನ್ನೆ ಮೇಲೆ ಬರುವ ಹಾಗೆ. ಸ್ಟಾಫನ್ನು ಬೆಂಚ್ ಮಾರ್ಕಿನ ಮೇಲಿಟ್ಟಾಗ, ಡಿಟೆಕ್ಟರ್ ಕೂಗಿದ ಜಾಗಕ್ಕೆ ಪಟ್ಟಿಯ 100 ಸೆಂಟಿಮೀಟರ್ ಗುರುತು ಬರಬೇಕು. ಬೆಂಚ್ ಮಾರ್ಕನ್ನು 100 ಮೀಟರ್ ಅಂತ ಹಿಡಿದಿದ್ದರೆ, ಮುಂದೆ 80 ಓದಿದಲ್ಲಿ ನೆಲ 99.80, 112 ಓದಿದಲ್ಲಿ 100.12. ಕೂಡುವ ಕಳೆಯುವ ಗೋಜೇ ಇಲ್ಲ. ನೀರು ಎತ್ತ ಹರಿಯಬೇಕು ಅಂತ ನಿಂತಲ್ಲೇ ಸೀಮೆಸುಣ್ಣದಲ್ಲಿ ಬರೆಯಬಹುದು. ಕೆಲಸ ಶುರು ಮಾಡುವ ಮೊದಲು ಲೇಸರನ್ನು ಪರೀಕ್ಷೆ ಮಾಡಿ. ಮೂವತ್ತು ಮೀಟರ್ ದೂರದ ಗೋಡೆಯ ಮೇಲೆ ಗುರುತು ಹಾಕಿ, ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಎರಡು ಗುರುತಿನ ಅಂತರದ ಅರ್ಧ ಎಷ್ಟೋ, ತಪ್ಪು ಅಷ್ಟು.

ಲೇಸರಿಗೆ ದುಡ್ಡಿಲ್ಲದಿದ್ದರೆ? ಗೌಂಡಿಯ ನೀರಿನ ಪೈಪು ಇದೆ, ನೀರು ತುಂಬಿದ ಪಾರದರ್ಶಕ ಪೈಪು, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದಕ್ಕೂ ಇಬ್ಬರು ಬೇಕು ಅಂತ ಮಾತಿದೆ, ಆದರೆ ಬೇಕಾಗಿಲ್ಲ. ಪೈಪಿನ ಒಂದು ತುದಿಯನ್ನು ಸ್ಟೂಲಿನ ಮೇಲಿಟ್ಟ ಅಗಲದ ಬಕೆಟ್ಟಿನ ನೀರಿನೊಳಗೆ ಮುಳುಗಿಸಿ ಕಟ್ಟಿ. ಇನ್ನೊಂದು ತುದಿ ಹಿಡಿದು ನಡೆಯಿರಿ. ಬಕೆಟ್ 30 ಸೆಂಟಿಮೀಟರ್ ಅಗಲ, ಪೈಪಿನ ಒಳಗಿನ ಅಗಲ ಒಂದು ಸೆಂಟಿಮೀಟರ್ ಇದ್ದರೆ, ಪೈಪಿನಲ್ಲಿ ನೀರು ಅರ್ಧ ಮೀಟರ್ ಏರಿದರೂ ಬಕೆಟ್ಟಿನಲ್ಲಿ ಇಳಿಯುವುದು ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ನಡೆಯುವಾಗ ತುದಿಗೆ ಹೆಬ್ಬೆರಳು ಒತ್ತಿಕೊಳ್ಳಿ. ಒಳಗೆ ಗಾಳಿಗುಳ್ಳೆ ಒಂದೂ ಇರಬಾರದು. ಕಂಬ, ಮೂಲೆ, ಮೆಟ್ಟಿಲು ದಾಟಿ ಆಚೆ ಬದಿಗೆ ಲೆವಲ್ ಒಯ್ಯಲು ಇದಕ್ಕೆ ಸಾಟಿ ಇಲ್ಲ. ಲೇಸರ್ ಆ ಕಡೆ ಬಗ್ಗಿ ನೋಡಲಾರದು.

ಕೋನವನ್ನೂ ದೂರವನ್ನೂ ಒಟ್ಟಿಗೆ ಅಳೆಯುವ ಟೋಟಲ್ ಸ್ಟೇಷನ್ ಇರುವವರು, ಯಂತ್ರವನ್ನು ಮಧ್ಯದಲ್ಲಿಡುವ ಇದೇ ಉಪಾಯ ಬಳಸಿ. ಯಂತ್ರದ ಬೆಳಕನ್ನು ವಾಪಸ್ ಕಳಿಸುವ ಪ್ರಿಸಂ ಇರುವ, ಒಂದೇ ಎತ್ತರದ ಎರಡು ಕೋಲು ಬೈಪಾಡಿನಲ್ಲಿ ನಿಲ್ಲಿಸಿ, ನಡುವೆ ಯಂತ್ರ ಇಡಿ. ಯಂತ್ರದ ಎತ್ತರ ಅಳೆಯುವುದೇ ಬೇಡ. ಇನ್ನು ಜಿಪಿಎಸ್. ಎತ್ತರದ ಕಟ್ಟಡಗಳ ಸಂದಿಯಲ್ಲಿ ಅದರ ಎತ್ತರವನ್ನು ಗಟಾರದ ಕೆಲಸಕ್ಕೆ ನಾನಂತೂ ನಂಬುವುದಿಲ್ಲ.

ಹೊರಟ ಬೆಂಚ್ ಮಾರ್ಕಿಗೆ ವಾಪಸ್ ಬಂದು ಮುಗಿಸುವುದನ್ನು ಒಬ್ಬರೇ ಇದ್ದಾಗ ಬಿಡಲೇಬಾರದು. ನಿಮ್ಮ ಓದನ್ನು ಪಕ್ಕದಲ್ಲಿ ನಿಂತು ನೋಡುವವರು ಯಾರೂ ಇಲ್ಲವಲ್ಲ. ಸುತ್ತು 250 ಮೀಟರ್ ಇದ್ದರೆ ಹೊರಟಾಗಿನ ಲೆವಲ್ಲೂ ವಾಪಸ್ ಬಂದಾಗಿನ ಲೆವಲ್ಲೂ ಆರು ಮಿಲಿಮೀಟರಿನೊಳಗೆ ತಾಳೆಯಾಗಬೇಕು. ಕಿಲೋಮೀಟರಿನ ವರ್ಗಮೂಲವನ್ನು ಹನ್ನೆರಡರಿಂದ ಗುಣಿಸಿದರೆ ಬರುವ ಲೆಕ್ಕ ಅದು. ಒಂದು ವಿಷಯ ನೆನಪಿರಲಿ. ನಡುವೆ ಬಿಡಿಬಿಡಿಯಾಗಿ ತೆಗೆದ ಓದುಗಳಿಗೆ ಈ ತಾಳೆ ಅನ್ವಯಿಸುವುದಿಲ್ಲ. ಗಟಾರದ ಚೇಂಬರಿನ ತಳದಂಥ ಮುಖ್ಯ ಜಾಗಗಳನ್ನು ಯಂತ್ರ ಬದಲಿಸಿದ ಮೇಲೆ ಇನ್ನೊಮ್ಮೆ ಓದಿ.

ಮುಂಬೈಯವರಿಗೆ ಇನ್ನೂ ಒಂದು ಮಾತು. ಇಲ್ಲಿ ಪಾಲಿಕೆಯ ಲೆವಲ್‌ಗಳು ಟೌನ್ ಹಾಲ್ ಡೇಟಮ್‌ನವು. ಡೇಟಮ್ ಅಂದರೆ ಎತ್ತರ ಎಣಿಸಲು ಹಿಡಿದ ಸೊನ್ನೆಮಟ್ಟ. ಫೋರ್ಟಿನ ಏಷ್ಯಾಟಿಕ್ ಸೊಸೈಟಿಯ ಕಟ್ಟಡ ಇದೆಯಲ್ಲ, ಅದೇ ಆ ಟೌನ್ ಹಾಲ್. ಸರ್ವೇ ಆಫ್ ಇಂಡಿಯಾದ ಬೆಂಚ್ ಮಾರ್ಕುಗಳು ಸಮುದ್ರಮಟ್ಟದಿಂದ ಲೆಕ್ಕ ಹಾಕಿದವು. ಎರಡರ ನಡುವೆ 20 ಮೀಟರಿಗಿಂತ ಜಾಸ್ತಿ ಅಂತರ. ಹಳೆಯ ನಕ್ಷೆಗಳಲ್ಲಿ ಲೆವಲ್‌ಗಳು ಅಡಿಗಳಲ್ಲಿ ಬೇರೆ ಇರುತ್ತವೆ. ನೀವು ಸೊಸೈಟಿಗೆ ಕೊಡುವ ಹಾಳೆಯ ತಲೆಯ ಮೇಲೆ ಯಾವ ಡೇಟಮ್, ಯಾವ ಕಲ್ಲಿನಿಂದ ಶುರು, ಮೀಟರೋ ಅಡಿಯೋ ಅಂತ ಬರೆದುಕೊಡಿ. ಆ ಕಲ್ಲಿನ ಒಂದು ಫೋಟೋವನ್ನೂ ಜೊತೆಗಿಡಿ. ಮುಂದಿನ ವರ್ಷ ಬರುವ ಸರ್ವೇಯರ್ ಅದೇ ಕಲ್ಲಿನ ಮೇಲೆ ಸ್ಟಾಫ್ ಇಟ್ಟು ಶುರು ಮಾಡಬಹುದು.

ನಮಸ್ಕಾರ.