ಸರಪಳಿ ಬಿಚ್ಚಿದವರು ಯಾರು?

ಕೇಳುಗರಿಗೆ ನಮಸ್ಕಾರ.

ಪ್ಯಾರಿಸ್ಸಿನ ದಕ್ಷಿಣಕ್ಕೆ, ಊರಿಗೆ ಅಂಟಿಕೊಂಡಂತೆ ಬಿಸೆತ್ರ್ ಎಂಬ ಆಸ್ಪತ್ರೆ ಇದೆ. ಇವತ್ತು ಅದು ದೊಡ್ಡ ಸರ್ಕಾರಿ ಆಸ್ಪತ್ರೆ, ಡಾಕ್ಟರಿಕೆ ಓದುವ ಹುಡುಗರೂ ಅಲ್ಲೇ ಕಲಿಯುತ್ತಾರೆ. ಹಿಂದೆ ಮಾತ್ರ ಆ ಹೆಸರು ಕೇಳಿದರೆ ಬಡವರಿಗೆ ನಡುಕ ಬರುತ್ತಿತ್ತು.

13ನೇ ಲೂಯಿ ದೊರೆ ಅದನ್ನು ಕಟ್ಟಿಸಲು ಶುರು ಮಾಡಿದ್ದು ಗಾಯಗೊಂಡ ಸೈನಿಕರಿಗಾಗಿ. 1656ರಲ್ಲಿ ಅವನ ಮಗ 14ನೇ ಲೂಯಿ, ಪ್ಯಾರಿಸ್ಸಿನ ಭಿಕ್ಷುಕರನ್ನೆಲ್ಲ ಕೂಡಿಹಾಕಲು ಹುಕುಂ ಹೊರಡಿಸಿದ. ಗಂಡಸರನ್ನು ಬಿಸೆತ್ರ್‌ಗೆ, ಹೆಂಗಸರನ್ನು ಸಾಲ್ಪೆತ್ರಿಯೇರ್ ಎಂಬ ಇನ್ನೊಂದು ಆಸ್ಪತ್ರೆಗೆ ತಳ್ಳಿದರು. ಹೆಸರು ಆಸ್ಪತ್ರೆ, ಆದರೆ ಮದ್ದಿಗಿಂತ ಬೀಗವೇ ಜಾಸ್ತಿ. ಮುದುಕರು, ಅನಾಥ ಹುಡುಗರು, ಗುಹ್ಯರೋಗದವರು, ಕಳ್ಳರು, ಬುದ್ಧಿ ಕೆಟ್ಟವರು, ಎಲ್ಲರೂ ಒಂದೇ ಗೋಡೆಯೊಳಗೆ. 1792ರ ಏಪ್ರಿಲ್‌ನಲ್ಲಿ ತಲೆ ಕತ್ತರಿಸುವ ಗಿಲೊಟಿನ್ ಯಂತ್ರವನ್ನು ಹೆಣಗಳ ಮೇಲೆ ಪರೀಕ್ಷೆ ಮಾಡಿದ್ದೂ ಇಲ್ಲೇ.

ಈ ಜಾಗದ ಬಗ್ಗೆ ಒಂದು ಕಥೆ ಬಹಳ ಪ್ರಸಿದ್ಧ. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ಡಾಕ್ಟರ್ ಫಿಲಿಪ್ ಪಿನೆಲ್ ಬಂದರಂತೆ, ಹುಚ್ಚರ ಸರಪಳಿ ಬಿಚ್ಚಿಸಿದರಂತೆ. ಅದರ ದೊಡ್ಡ ದೊಡ್ಡ ಚಿತ್ರಗಳನ್ನೂ ಬರೆದಿದ್ದಾರೆ. ಕಥೆ ಚೆನ್ನಾಗಿದೆ, ಆದರೆ ಲೆಕ್ಕ ತಾಳೆಯಾಗೋದಿಲ್ಲ. ಪಿನೆಲ್ ಅಲ್ಲಿದ್ದದ್ದು 1793ರಿಂದ 1795ರವರೆಗೆ. ಬಿಸೆತ್ರ್‌ನಲ್ಲಿ ಸರಪಳಿ ತೆಗೆದದ್ದು 1797ರಲ್ಲಿ!

ತೆಗೆದವನು ಜಾನ್-ಬತಿಸ್ತ್ ಪ್ಯುಸ್ಯಾಂ. ಡಾಕ್ಟರ್ ಅಲ್ಲ, ತೊಗಲು ಹದ ಮಾಡುವ ಕಸುಬಿನವನು. ಕತ್ತಿನಲ್ಲಿ ಗಂಟುಗಳೇಳುವ ಗಂಡಮಾಲೆ ರೋಗ ಹತ್ತಿ, ತಾನೇ ರೋಗಿಯಾಗಿ ಬಿಸೆತ್ರ್‌ಗೆ ಬಂದವನು. ವಾಸಿಯಾದ ಮೇಲೆ ಅಲ್ಲೇ ಕೆಲಸಕ್ಕೆ ನಿಂತ. ಕೊನೆಗೆ ಹುಚ್ಚರ ವಾರ್ಡಿನ ಮೇಲ್ವಿಚಾರಕನಾದ. ಹೆಂಡತಿ ಮಾರ್ಗರಿತ್ ಕೂಡ ಜೊತೆಗೆ ದುಡಿದಳು. ರೋಗಿಗಳನ್ನು ಹೊಡೆಯಬಾರದು ಎಂದು ಆಳುಗಳಿಗೆ ಕಟ್ಟಪ್ಪಣೆ ಮಾಡಿದ. ಗುಣವಾದ ರೋಗಿಗಳನ್ನೇ ಆಳುಗಳಾಗಿ ಇಟ್ಟುಕೊಂಡ. ಸಂಕಟ ಅನುಭವಿಸಿದವನಿಗೆ ಇನ್ನೊಬ್ಬರ ಸಂಕಟ ಬೇಗ ಗೊತ್ತಾಗುತ್ತೆ, ಅಲ್ವಾ?

ಪಿನೆಲ್ ಸುಮ್ನೆ ಕೀರ್ತಿ ಕದ್ದರು ಅಂತ ಹೇಳಿದರೆ ಅದೂ ಅನ್ಯಾಯ. ಅವರು ಪ್ಯುಸ್ಯಾಂ ಹತ್ತಿರ ಕುಳಿತು ನೋಡಿ ಕಲಿತರು. 1801ರ ತಮ್ಮ ಪುಸ್ತಕದಲ್ಲಿ ಅವನನ್ನು ಹೊಗಳಿದರು. ಕಥೆಯನ್ನು ಹಿಗ್ಗಿಸಿ, ಅಪ್ಪನನ್ನು ಮಹಾಪುರುಷ ಮಾಡಿದ್ದರಲ್ಲಿ ಮಗ ಸಿಪಿಯೋಂ ಪಿನೆಲ್‌ದೇ ಕೈ ದೊಡ್ಡದು. ದೊಡ್ಡ ಡಿಗ್ರಿಯ ಮುಂದೆ ಚಾಕರಿಯವನ ಹೆಸರು ಯಾರಿಗೆ ನೆನಪಿರುತ್ತೆ?

ಇನ್ನೊಂದು ಮಾತು. ಸರಪಳಿ ಹೋಯಿತು ಅಂದರೆ ಎಲ್ಲರೂ ಬಿಡುಗಡೆಯಾದರು ಅಂತಲ್ಲ. ರೇಗಿ ಬೀಳುವವರಿಗೆ ಕಬ್ಬಿಣದ ಬದಲು ಕೈ ಕಟ್ಟುವ ಗಟ್ಟಿ ಬಟ್ಟೆಯ ಅಂಗಿ ತೊಡಿಸುತ್ತಿದ್ದರು. ಆದರೂ ಗೋಡೆಗೆ ಬಿಗಿದಿದ್ದ ಮನುಷ್ಯ ಆ ಅಂಗಿಯಲ್ಲೇ ಅಂಗಳದಲ್ಲಿ ನಡೆದಾಡಬಹುದಿತ್ತು.

ಪಿನೆಲ್ 1795ರಲ್ಲೇ ಸಾಲ್ಪೆತ್ರಿಯೇರ್‌ಗೆ ಹೋಗಿದ್ದರು. ಅಲ್ಲಿನ ಹೆಂಗಸರ ವಾರ್ಡಿಗೂ ಪ್ಯುಸ್ಯಾಂ ಬೇಕೇ ಬೇಕು ಎಂದು ಅಧಿಕಾರಿಗಳ ಬೆನ್ನು ಹತ್ತಿದರು. 1802ರಲ್ಲಿ ಅವನು ಬಂದ. 1811ರಲ್ಲಿ ತೀರಿಕೊಳ್ಳುವವರೆಗೂ ಪಿನೆಲ್ ಜೊತೆಯಲ್ಲೇ ಕೆಲಸ ಮಾಡಿದ.

ನಮಸ್ಕಾರ.